ಅಸ್ಥಿಪಂಜರ, ಒಂದು

ಎಲ್ಲಾ ರಾದ್ಧಾಂತಕ್ಕೂ ಕಾರಣ ಎರಡು ಡಬ್ಬ ಸೀಮೆಸುಣ್ಣ. ಶಾಲೆಗೆ ಬರುತ್ತಿದ್ದ ಹಣಕ್ಕೆ ಮೇಲಿನವರು ಕತ್ತರಿ ಹಾಕಿದ ಮೇಲೆ ಮೊದಲು ಜವಾನ ಹೋದ. ಗಂಟೆ ಹೊಡೆಯುವ ಕೆಲಸ ಹೆಡ್‌ಮೇಷ್ಟ್ರ ಪಾಲಿಗೆ ಬಂತು. ಆಮೇಲೆ ಹೊಲಿಗೆ ಟೀಚರ್ ಹೋದರು. ಡ್ರಿಲ್ ಮಾಸ್ತರ್ ಹೋದಾಗ ಅವರ ಸೀಟಿಯನ್ನು ವಿಜ್ಞಾನದ ಟೀಚರ್ ಕೊರಳಿಗೆ ಹಾಕಿಕೊಂಡು ಎರಡು ಪಾಠವನ್ನೂ ಒಟ್ಟಿಗೇ ಮಾಡತೊಡಗಿದರು: "ಜಠರದಿಂದ ಸಣ್ಣ ಕರುಳಿಗೆ... ಎಡಕ್ಕೆ ತಿರುಗ್!" ಕೊನೆಗೆ ಸೀಮೆಸುಣ್ಣವೂ ಮುಗಿಯಿತು. ಹೆಡ್‌ಮೇಷ್ಟ್ರು ಪ್ರಯೋಗಾಲಯದ ಅಸ್ಥಿಪಂಜರವನ್ನು ಹೆಗಲ ಮೇಲೆ ಹೊತ್ತು ಪೇಟೆಯ ದರ್ಜಿಗೆ ಕೊಟ್ಟು ಎರಡು ಡಬ್ಬ ತಂದರು. ದರ್ಜಿ ಅದಕ್ಕೊಂದು ಕೋಟು ತೊಡಿಸಿ ಅಂಗಡಿ ಮುಂದೆ ನಿಲ್ಲಿಸಿದ. ಮಕ್ಕಳಿಗೆ ಪಾಠ ಸಿಕ್ಕಿತು, ಅಸ್ಥಿಪಂಜರಕ್ಕೆ ಬಟ್ಟೆ ಸಿಕ್ಕಿತು. ಯಾರಿಗೇನು ನಷ್ಟ?

ನಷ್ಟ ಏನೆಂದು ಈ ಬೆಳಿಗ್ಗೆ ಗೊತ್ತಾಯಿತು.

"ಮಧ್ಯಾಹ್ನ ತಪಾಸಣೆ ಸಾಹೇಬ್ರು ಬರ್ತಾರಂತೆ," ಎಂದು ಹೆಡ್‌ಮೇಷ್ಟ್ರು ಬೆವರು ಒರೆಸಿಕೊಂಡರು. "ಪಟ್ಟಿಯಲ್ಲಿರೋ ಒಂದು ಸಾಮಾನು ಕಮ್ಮಿಯಾದ್ರೂ ಶಾಲೆಗೆ ಬೀಗ. ಎಲ್ಲಾ ಸರಿಯಿದ್ರೆ ಒಂದೇ ಒಂದು ಹುದ್ದೆ ತೆಗೆದು ಹೋಗ್ತಾರಂತೆ. ದರ್ಜಿ ನೋಡಿದ್ರೆ ಅಸ್ಥಿಪಂಜರ ಒಳಗಿಟ್ಟು ಅಂಗಡಿಗೆ ಬೀಗ ಹಾಕಿ ಊರಿಗೆ ಹೋಗಿದ್ದಾನೆ."

ಹೇಳುತ್ತಾ ಹೇಳುತ್ತಾ ಅವರ ಕಣ್ಣು ಚಿತ್ರಕಲೆ ಮೇಷ್ಟ್ರ ಮೇಲೆ ನಿಂತಿತು. ಊರೆಲ್ಲ ಅವರನ್ನು ಕರೆಯುವುದು ಕಡ್ಡಿ ಮೇಷ್ಟ್ರು ಎಂದು. ಹನ್ನೊಂದು ವರ್ಷದಿಂದ ಹಂಗಾಮಿ ನೌಕರಿ. ಕೆಲಸ ಕಳಕೊಂಡ ಆ ಹೊಲಿಗೆ ಟೀಚರ್ ಬೇರೆ ಯಾರೂ ಅಲ್ಲ, ಇವರ ಹೆಂಡತಿ. ಈಗ ಮನೆ ನಡೆಯುವುದು ಇವರೊಬ್ಬರ ಸಂಬಳದಲ್ಲಿ. ಜೊತೆಗಿರುವ ಅತ್ತೆ ಪ್ರತಿ ತುತ್ತಿಗೂ ಕೇಳುತ್ತಾರೆ, "ಪಕ್ಕದ ಮನೆ ಅಳಿಯ ಖಾಯಂ ಆದ್ರಂತೆ. ನೀವು ಯಾವಾಗ ಆಗ್ತೀರಿ?"

"ಮೇಷ್ಟ್ರೇ, ಅಸ್ಥಿಪಂಜರದ ಬೀರುವಿನಲ್ಲಿ ಒಂದರ್ಧ ಗಂಟೆ ಅಲುಗಾಡದೆ ನಿಂತ್ಕೊಳ್ಳಿ, ಸಾಕು," ಎಂದರು ಹೆಡ್‌ಮೇಷ್ಟ್ರು. "ನಿಮ್ಮ ಹುದ್ದೆ ಮುಟ್ಟದ ಹಾಗೆ ನೋಡ್ಕೊಳ್ಳೋದು ನನ್ನ ಜವಾಬ್ದಾರಿ. ಖಾಯಂ ಮಾಡಿ ಅಂತ ಬರೆದೂ ಕೊಡ್ತೀನಿ."

"ಸಾರ್! ನಾನು ಜೀವಂತ ಮನುಷ್ಯ!"

"ನೋಡಿದೋರು ಯಾರೂ ಹಾಗನ್ನಲ್ಲ ಬಿಡಿ," ಎಂದು ವಿಜ್ಞಾನದ ಟೀಚರ್ ಧೈರ್ಯ ತುಂಬಿದರು.

ಮೇಷ್ಟ್ರು ಮನೆಗೆ ಓಡಿದರು. ಕಾಗದಕ್ಕೆ ಅಂಟು ಹಚ್ಚಿ ತಲೆಬುರುಡೆಯನ್ನು ತಾವೇ ಮಾಡಿದರು. ಹೆಂಡತಿ ಹಳೇ ಕಪ್ಪು ಪರದೆಯ ಮೇಲೆ ಬಿಳಿ ಬಟ್ಟೆಯ ಎಲುಬು ಹೊಲಿದರು. "ಎಂಟು ವರ್ಷ ಹೊಲಿಗೆ ಕಲಿಸಿದ್ದು ಗಂಡನ ಪಕ್ಕೆಲುಬು ಹೊಲಿಯೋಕಾ!" ಎಂದು ಸೂಜಿ ಚುಚ್ಚಿದಾಗಲೆಲ್ಲ ಕಣ್ಣೊರೆಸಿಕೊಂಡರು. ಅತ್ತೆ ತಟ್ಟೆ ಹಿಡಿದು ಹಿಂದೆ ಹಿಂದೆಯೇ ತಿರುಗಿದರೂ, ಹೊಟ್ಟೆ ಉಬ್ಬೀತೆಂದು ಮೇಷ್ಟ್ರು ಒಂದು ಅಗುಳೂ ಮುಟ್ಟದೆ ಹೊರಟುಬಿಟ್ಟರು.

ಕರೆಂಟು ಉಳಿಸಲು ಪ್ರಯೋಗಾಲಯದ ಬಲ್ಬನ್ನು ಎಂದೋ ಕಿತ್ತಾಗಿತ್ತು. ಕತ್ತಲೆಯೇ ದೇವರು ಎಂದುಕೊಂಡು ಮೇಷ್ಟ್ರು ಗಾಜಿನ ಬೀರುವಿನಲ್ಲಿ ನಿಂತರು. ಸಾಹೇಬರು ಟಾರ್ಚು ಹಿಡಿದು ಬಂದರು. ಪಾಪ, ಮೆದು ಮನಸ್ಸಿನ ಮನುಷ್ಯ. ಗುಡುಗುವ ಕೆಲಸಕ್ಕೆ ತಪ್ಪಿ ಸೇರಿದವರಂತಿದ್ದರು.

"ಸೂಕ್ಷ್ಮದರ್ಶಕ, ಒಂದು. ಅಸ್ಥಿಪಂಜರ, ಒಂದು," ಎಂದು ಓದಿ ಬೀರುವಿನ ಬಾಗಿಲು ತೆಗೆದರು. ಸರಿಯಾಗಿ ಅದೇ ಹೊತ್ತಿಗೆ ಅಸ್ಥಿಪಂಜರದ ಹೊಟ್ಟೆ ಗುರ್ ಎಂದಿತು.

"ಏನ್ರೀ ಅದು?"

ಉತ್ತರ ಕೊಟ್ಟವರು ಅತ್ತೆ. ಹಸಿದ ಅಳಿಯನನ್ನು ನೆನೆದು ಮನಸ್ಸು ತಡೆಯದೆ ಊಟದ ಡಬ್ಬಿ ಹಿಡಿದು ಬಂದಿದ್ದರು. ಟಾರ್ಚು ಹಿಡಿದವರು ಬಲ್ಬು ಹಾಕಲು ಬಂದವರೆಂದು ತಿಳಿದು ನೇರ ಬೀರುವಿನ ಮುಂದೆ ನಿಂತರು. "ಅಳಿಯಂದ್ರೇ, ಒಂದು ತುತ್ತು ತಿಂದು ಆಮೇಲೆ ನಿಂತ್ಕೊಳ್ಳಿ!"

ಸಾಹೇಬರು ಟಾರ್ಚನ್ನು ಬುರುಡೆಯತ್ತ ತಿರುಗಿಸಿದರು. "ಯಾರಮ್ಮ ಇವರು?"

"ನನ್ನ ಅಳಿಯ ಕಣಪ್ಪ. ಇದೇ ಶಾಲೆ ಚಿತ್ರಕಲೆ ಮೇಷ್ಟ್ರು."

ಹೆಡ್‌ಮೇಷ್ಟ್ರು ನಡುವೆ ನುಗ್ಗಿದರು. ಅವರು ಸಾಹೇಬರ ಕಿವಿಯಲ್ಲಿ ಪಿಸುಗುಟ್ಟಿದರು, "ಹೋದ ವಾರ ತೀರ್ಕೊಂಡ್ರು ಸಾರ್. ದೇಹದಾನ. ಸತ್ತರೂ ಶಾಲೆ ಬಿಡಲ್ಲ ಅಂದಿದ್ರು. ಆಯಮ್ಮ ಇನ್ನೂ ಊಟ ತರ್ತಾರೆ, ಪಾಪ."

ಸಾಹೇಬರು ಅತ್ತೆಯ ಕಡೆ ತಿರುಗಿ ಮೆಲ್ಲಗೆ ಕೇಳಿದರು, "ತಾಯೀ, ಇಷ್ಟು ಬೇಗ ಬರೀ ಎಲುಬಾದ್ರಾ?"

"ಬೇಗ ಏನು ಬಂತು! ಮದುವೆ ಆದಾಗ್ಲೂ ಹೀಗೇ ಇದ್ರು. ಎಷ್ಟು ಬಡಿಸಿದ್ರೂ ಮೈಗೆ ಹತ್ತಲ್ಲ."

ದುಃಖಕ್ಕೆ ಮುದುಕಿಯ ತಲೆ ಕೆಟ್ಟಿದೆ ಎಂದುಕೊಂಡು ಸಾಹೇಬರು ಗಳಗಳನೆ ಅತ್ತುಬಿಟ್ಟರು. ವಿಜ್ಞಾನದ ಟೀಚರ್ ಅತ್ತೆಯನ್ನು ಮೆಲ್ಲಗೆ ಜಗುಲಿಗೆ ಸಾಗಹಾಕಿ ಬಂದರು. ಉಳಿದವರು ಎರಡು ನಿಮಿಷ ಮೌನ ಆಚರಿಸಿದರು. ಎಲ್ಲರಿಗಿಂತ ಚೆನ್ನಾಗಿ ಆಚರಿಸಿದವರು ಕಡ್ಡಿ ಮೇಷ್ಟ್ರು.

"ಹೆಡ್‌ಮೇಷ್ಟ್ರೇ, ನನ್ನ ಎದೆ ಮೇಲಿನ ಕಲ್ಲು ಇಳಿದ ಹಾಗಾಯ್ತು," ಎಂದರು ಸಾಹೇಬರು ಮೂಗು ಒರೆಸಿಕೊಂಡು. "ಇವತ್ತು ಯಾರ ಅನ್ನ ಕಿತ್ಕೊಳ್ಳಲಪ್ಪಾ ಅಂತ ದಾರಿಯುದ್ದಕ್ಕೂ ಒದ್ದಾಡ್ತಾ ಬಂದೆ. ಸತ್ತೋರ ಹುದ್ದೆ ತೆಗೆದ್ರೆ ಯಾರ ಹೊಟ್ಟೆ ಮೇಲೂ ಹೊಡೆದ ಹಾಗಾಗಲ್ಲ ನೋಡಿ." ಎಂದವರೇ ಚಿತ್ರಕಲೆ ಹುದ್ದೆಯ ಮೇಲೆ ಕೆಂಪು ಗೆರೆ ಎಳೆದರು.

ಬುರುಡೆಯೊಳಗೆ ಮೇಷ್ಟ್ರು ಬಾಯಿ ತೆರೆದರು. ಕೂಗಿದರೆ ಬದುಕಿದ್ದೇನೆಂದು ಗೊತ್ತಾಗುತ್ತದೆ. ಅಸ್ಥಿಪಂಜರ ಇಲ್ಲವೆಂದೂ ಗೊತ್ತಾಗುತ್ತದೆ. ಶಾಲೆಗೇ ಬೀಗ. ಸಾಹೇಬರ ಬೆನ್ನ ಹಿಂದೆ ಹೆಡ್‌ಮೇಷ್ಟ್ರೂ ವಿಜ್ಞಾನದ ಟೀಚರೂ ಕೈಮುಗಿದು ಕಣ್ಣಲ್ಲೇ ಬೇಡುತ್ತಿದ್ದರು. ಹನ್ನೊಂದು ವರ್ಷದ ಆಸೆಯನ್ನು ನುಂಗಿಕೊಂಡು ಮೇಷ್ಟ್ರು ಬಾಯಿ ಮುಚ್ಚಿದರು. ಅಳು ತಡೆಯಲಾಗದೆ ಕಾಗದದ ದವಡೆ ಒದ್ದೆಯಾಯಿತು.

ಸಾಹೇಬರು ಹೊರಡುವ ಮುನ್ನ ಮುದ್ರೆ ತೆಗೆದು ಬುರುಡೆಯ ಹಣೆಗೆ 'ಶಾಲಾ ಆಸ್ತಿ' ಎಂದು ಒತ್ತಿದರು. "ತಿಂಗಳಿಗೊಮ್ಮೆ ಬಂದು ಇವರಿಗೆ ಕೈಮುಗಿದು ಹೋಗ್ತೀನಿ," ಎಂದು, ಪುಸ್ತಕದಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದಿದರು: "ಅಸ್ಥಿಪಂಜರ, ಒಂದು. ಚಿತ್ರಕಲೆ ಮೇಷ್ಟ್ರು. ಇನ್ನು ಮುಂದೆ ಖಾಯಂ."

ಜಗುಲಿಯಲ್ಲಿ ಕೂತಿದ್ದ ಅತ್ತೆಯ ಕಿವಿಗೆ ಕೊನೆಯ ಮಾತು ಬಿತ್ತು. ಡಬ್ಬಿಯನ್ನು ಅಲ್ಲೇ ಬಿಟ್ಟು ಎದ್ದರು.

"ಅಂತೂ ಖಾಯಂ ಆದ್ರು! ಪಕ್ಕದ ಮನೆಯವರಿಗೆ ಮೊದಲು ಹೇಳಿ ಬರ್ತೀನಿ."