ಮುತ್ತಾತನ ಎಡೆಗೆ ಹಾಲು, ಬಾಳೆಹಣ್ಣು

ಜನಪ್ರಿಯ ಇತಿಹಾಸಕಾರರಾದ ಶ್ರೀ ಭಗವಂತರಾಯರ ಸನ್ನಿಧಿಗೆ ಹಲಸೂರಿನಿಂದ ಪೂಜಿತಾ ಮಾಡುವ ನಮಸ್ಕಾರಗಳು.

ಮಾನ್ಯರೇ,

ಸ್ವಾತಂತ್ರ್ಯ ಸಮರದ ಬಗ್ಗೆ ತಾವು ಬರೆದ ಪುಸ್ತಕದಲ್ಲಿ ನಮ್ಮ ಮುತ್ತಾತ ಚಿಕ್ಕಪಾಪಯ್ಯನವರಿಗೆ ಇಡೀ ಒಂದು ಅಧ್ಯಾಯವನ್ನೂ ಒಂದು ಬಿಳಿ ಕುದುರೆಯನ್ನೂ ದಯಪಾಲಿಸಿದ್ದಕ್ಕೆ ನಮ್ಮ ಮನೆತನ ಋಣಿಯಾಗಿದೆ. ದಂಡಿನ ಕುದುರೆಗಳಿಗೆ ಹುಲ್ಲು ಹಾಕುತ್ತಿದ್ದ ಅವರು ಬದುಕಿದ್ದಾಗ ಒಂದನ್ನೂ ಹತ್ತಿದವರಲ್ಲ. ತೀರಿಕೊಂಡ ಮೇಲೆ ತಾವು ಹತ್ತಿಸಿದಿರಿ. ಕನ್ನಡ ಎಂ.ಎ. ಓದಿದವಳಾದ್ದರಿಂದ ಕಟ್ಟುಕಥೆಯ ಬಗ್ಗೆ ನನಗೆ ಗೌರವವಿದೆ.

ತಾವು ನಮ್ಮ ಮನೆಗೆ ಬಂದ ದಿನ ಅಡುಗೆಮನೆ ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದವಳು ನಾನು. ನಲವತ್ತೆರಡರ ಗಲಾಟೆಯ ದಿನ ಅವರು ಎಲ್ಲಿದ್ದರು ಎಂದು ತಾವು ಕೇಳಿದಾಗ ಅವರ ಮಗಳು, ನನ್ನ ಪಿಳ್ಳಮ್ಮಜ್ಜಿ, "ಎಲ್ಲಿರ್ತಾನೆ ಸ್ವಾಮಿ, ಮನೇಲೇ. ನಾನು ಹುಟ್ಟಿದ್ದು ಅವತ್ತೇ. ಬಾಗಿಲು ಹಾಕ್ಕೊಂಡು ನನ್ನ ಎತ್ಕೊಂಡು ಕೂತಿದ್ನಂತೆ" ಎಂದರು. ತಾವು ನಯವಾಗಿ ಮೊಬೈಲಿನ ರೆಕಾರ್ಡಿಂಗ್ ನಿಲ್ಲಿಸಿ ಕಾಫಿ ಮುಗಿಸಿದಿರಿ. ಪುಸ್ತಕದಲ್ಲಿ ಅದೇ ದಿನ ಮುತ್ತಾತ ದಂಡಿನ ಉಗ್ರಾಣಕ್ಕೆ ಬೆಂಕಿಯಿಟ್ಟು, ಜೀವವಿರುವವರೆಗೆ ಮಾಂಸವನ್ನಾಗಲಿ ಬೀಡಿಯನ್ನಾಗಲಿ ಮುಟ್ಟುವುದಿಲ್ಲವೆಂದು ಶಪಥ ಮಾಡುತ್ತಾರೆ.

ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವಾಗ ಅಜ್ಜಿ ಪ್ರತಿವರ್ಷ ರಸೆಲ್ ಮಾರುಕಟ್ಟೆಯಿಂದ ಕುರಿಯ ಬೋಟಿ ತರಿಸಿ, ಸಾರು ಮಾಡಿ, ಪಕ್ಕದಲ್ಲೊಂದು ಕಟ್ಟು ಬೀಡಿ ಇಡುತ್ತಿದ್ದರು. ಈ ಸಲ ಅಜ್ಜಿಯ ತಮ್ಮ ಸಂಜೀವಪ್ಪತಾತ, ಆ ಗಲಾಟೆಯ ಕಾಲಕ್ಕೆ ಇನ್ನೂ ಹುಟ್ಟಿಯೇ ಇರದವರು, ತಾವು ಬರೆದ ಅಧ್ಯಾಯವನ್ನು ತೆರೆದು ತೋರಿಸಿ, "ಅಕ್ಕಾ, ಇಂಥೋರ ಮುಂದೆ ಬೋಟಿ ಇಡ್ತೀಯಾ? ನೋಡ್ದೋರು ಏನಂತಾರೆ?" ಎಂದು ಹಾಲು, ಬಾಳೆಹಣ್ಣು ಇಟ್ಟರು. "ನಮ್ಮಪ್ಪ ಹಾಲು ಕಂಡ್ರೆ ಮೂಗು ಮುಚ್ಕೊಳ್ಳೋನು ಕಣೋ" ಎಂದ ಅಜ್ಜಿ ಊಟ ಮಾಡದೆ ಮಲಗಿಬಿಟ್ಟರು.

ಆದ್ದರಿಂದ ನನ್ನ ವಿನಂತಿ ಸಣ್ಣದು. ಮುಂದಿನ ಮುದ್ರಣದಲ್ಲಿಯೂ ಉಗ್ರಾಣ ಉರಿಯುತ್ತಿರಲಿ, ಕುದುರೆಯೂ ಇರಲಿ. ಮುತ್ತಾತನನ್ನು ಕೊಂಚ ಹೊತ್ತು ಕೆಳಗಿಳಿಸಿ ಊಟಕ್ಕೆ ಬಿಡಬೇಕು. ಅದು ಇತಿಹಾಸಕ್ಕೆ ಒಗ್ಗದಿದ್ದರೆ ಪುಸ್ತಕದ ಒಂದು ಪ್ರತಿಯನ್ನು ಪಿತೃಲೋಕಕ್ಕೆ ಕಳುಹಿಸಿ, ಮಾಂಸ, ಬೀಡಿ ಎಲ್ಲ ಬಿಟ್ಟಿದ್ದಾರೆಂದು ಮುತ್ತಾತನಿಗೂ ತಿಳಿಸಬೇಕು. ತಾನು ಹುಟ್ಟಿದ ದಿನ ಅಪ್ಪ ತನ್ನನ್ನು ಎತ್ತಿಕೊಂಡು ಕೂತಿದ್ದ ಎಂಬುದನ್ನು ಅಜ್ಜಿ ಇಷ್ಟು ವರ್ಷ ಜೋಪಾನ ಮಾಡಿದ್ದರು. ತಾವು ಅದನ್ನು ಅವರ ಕೈಯಿಂದ ದೇಶಕ್ಕೆ ದಾನ ಕೊಡಿಸಿದಿರಿ.

ನಾಚಿಕೆಯಿಂದ ಅಂದು ಬಾಯಿ ಬಿಡದಿದ್ದ
ತಮ್ಮ ವಿಶ್ವಾಸಿ,
ಪೂಜಿತಾ

ಮರೆತ ಮಾತು: ಮುಂದಿನ ಎಡೆಯ ಊಟಕ್ಕೆ ತಾವೇ ಮುಖ್ಯ ಅತಿಥಿಗಳೆಂದು ಸಂಜೀವಪ್ಪತಾತ ಊರಿಗೆಲ್ಲ ಹೇಳಿದ್ದಾರೆ. ತಮಗೇನು ಇಷ್ಟವೆಂದು ಅಜ್ಜಿ ವಿಚಾರಿಸುತ್ತಿದ್ದರು. ತಾವು ಹೇಳುವ ಶ್ರಮ ಬೇಡ. ಅದನ್ನು ನಾವೇ ಬರೆದುಕೊಳ್ಳುತ್ತೇವೆ.