ಕಿಟಕಿ ಗುರುತಿನ ಲ್ಯಾಪ್‌ಟಾಪು

ನಾನು ಏನಾದರೂ ಕೊಳ್ಳಲು ಹೊರಟರೆ ಸಾಮಾನಿಗಿಂತ ಮೊದಲು ಒಂದು ಫಜೀತಿ ಮನೆಗೆ ಬರುತ್ತದೆ. ಕುಕ್ಕರ್ ತಂದಾಗ ಬಂದಿತ್ತು, ಫ್ಯಾನ್ ತಂದಾಗ ಬಂದಿತ್ತು. ಲ್ಯಾಪ್‌ಟಾಪ್ ತರುವಾಗ ಮಾತ್ರ ಸಾಲುಗಟ್ಟಿ ಬಂದವು.

ಲ್ಯಾಪ್‌ಟಾಪ್ ಯಾಕೆ ಬೇಕಾಯಿತು ಎಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಶೋಕಿಗೆ ಅಂದುಕೊಳ್ಳುತ್ತೀರಿ. ನಮ್ಮ ಮನೆ ಗೋವಾದ ಕೊರ್ತಾಲಿಮ್‌ನಲ್ಲಿ. ಮನೆ ಎಂದರೆ ಪತ್ರಾಸಿನ, ತಗಡು ಹೊದಿಸಿದ, ಸಾಲುಮನೆಗಳಲ್ಲಿ ಒಂದು ಖೋಲಿ. ಗಂಡ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಾರೆ. ನಾನು ದಿನಾ ಫೆರಿ ಹತ್ತಿ ಹೊಳೆ ದಾಟಿ ಮಡ್ಕಯಿಗೆ, ಪ್ಲಾಸ್ಟಿಕ್ ಡಬ್ಬಿ ಮಾಡುವ ಕಾರ್ಖಾನೆಗೆ ಹೋಗುತ್ತೇನೆ. ಅಲ್ಲಿ ಪ್ಯಾಕಿಂಗಿನಲ್ಲಿ ನಾವು ಏಳು ಹೆಂಗಸರು. ಮಳೆಗಾಲದ ಮೊದಲು ಸಾಹೇಬರು ಬಂದು ನಿಂತು ಹಿಂದಿಯಲ್ಲಿ ಹೇಳಿದರು: “ಮುಂದಿನ ತಿಂಗಳು ಪ್ಯಾಕಿಂಗಿಗೆ ಮಷಿನ್ ಬರುತ್ತದೆ. ನಿಮ್ಮಲ್ಲಿ ಒಬ್ಬರನ್ನು ಇಟ್ಟುಕೊಳ್ಳುತ್ತೇವೆ, ಡಿಸ್ಪ್ಯಾಚ್ ಕಂಪ್ಯೂಟರಿಗೆ. ಯಾರಿಗೆ ಬರುತ್ತದೋ ಅವರಿಗೆ.”

ಏಳು ಮಂದಿಗೂ ಬರುತ್ತಿರಲಿಲ್ಲ. ಆದರೆ ಹತ್ತನೇ ಇಯತ್ತೆ ಪಾಸಾದವಳು ನಾನೊಬ್ಬಳೇ. ಉಳಿದ ಆರು ಮಂದಿ ತಿರುಗಿ ನನ್ನನ್ನು ನೋಡಿದರು, ಆ ಮಷಿನನ್ನು ನಾನೇ ಹೆತ್ತಿದ್ದೇನೆ ಎನ್ನುವ ಹಾಗೆ. ಆ ಆರರಲ್ಲಿ ಒಬ್ಬಳು ನಮ್ಮ ಪಕ್ಕದ ಖೋಲಿಯ ಅಕ್ಕ. ನನಗೆ ಪ್ಯಾಕಿಂಗ್ ಕೆಲಸ ಕಲಿಸಿದವಳೇ ಅವಳು. ನಾಲ್ಕು ವರ್ಷ ಫೆರಿಯಲ್ಲಿ ಒಂದೇ ಕಡೆ ನಿಂತು, ಒಂದೇ ಡಬ್ಬಿಯಿಂದ ಚುರಮುರಿ ತಿಂದವರು ನಾವು. ಅಂದು ಸಂಜೆ ಅವಳು ಫೆರಿಯ ಆ ಕಡೆ ಹೋಗಿ ನಿಂತಳು.

ಕಲಿಯಲು ಲ್ಯಾಪ್‌ಟಾಪ್ ಬೇಕು ಎಂದು ನಾನು ಕಿವಿಯ ಬೆಂಡೋಲೆ ಬಿಚ್ಚಿ ಮಾರಿದೆ. ತೂತು ಮುಚ್ಚದಿರಲಿ ಎಂದು ಕಸಬರಿಗೆಯ ಕಡ್ಡಿ ಸಿಗಿಸಿಕೊಂಡೆ.

೧. ಗುರುತು

ಲ್ಯಾಪ್‌ಟಾಪ್ ಎಂದರೆ ಎಲ್ಲ ಒಂದೇ ಅಂದುಕೊಂಡಿದ್ದೆ. ಅದರಲ್ಲೂ ಪಕ್ಷಗಳಿವೆಯಂತೆ. ಒಂದರ ಗುರುತು ನಾಲ್ಕು ಚೌಕದ ಕಿಟಕಿ, ಇನ್ನೊಂದರದು ಕಚ್ಚಿದ ಸೇಬು, ಮೂರನೆಯದರದು ಬಣ್ಣದ ಚಕ್ರ. ಒಂದು ಕಲಿತವರಿಗೆ ಇನ್ನೊಂದು ಬರುವುದಿಲ್ಲವೆಂದು ಬೇರೆ ಹೆದರಿಸಿದರು. ಭಾನುವಾರ ನಮ್ಮ ಖೋಲಿಯ ಮುಂದೆ ಸಾಲಿನವರ ಸಭೆ ಸೇರಿತು.

ಯಾವುದೋ ಆಫೀಸಿನ ಗೇಟಿನಲ್ಲಿ ವಾಚ್‌ಮನ್ ಆಗಿರುವವನು ಕಿಟಕಿಯ ಕಡೆಯವನು. “ಕಿಟಕೀದ ಚಲೋ ನೋಡ್ರಿ ವೈನಿ. ನಮ್ಮ ಆಫೀಸಿನ್ಯಾಗ ಎಲ್ಲಾ ಅವಾ ಅದಾವು. ದಿನಾ ನೋಡ್ತೇನಿ.”

“ಮುಟ್ಟಿ ನೋಡೀರೇನು?”

“ಮುಟ್ಟಿದ್ರ ಕೆಲಸದಾಗ ಇಟ್ಕೊಂತಾರೇನ್ರಿ?”

ದೋನಾ ಪಾವ್ಲಾದ ಬಂಗಲೆಯೊಂದರಲ್ಲಿ ಅಡಿಗೆ ಮಾಡುವವನು ಸೇಬಿನ ಕಡೆಯವನು. “ನಮ್ಮ ಮಾಲಕಿ ಬಾಯಾರು ಐದು ವರ್ಷದಿಂದ ಸೇಬಿಂದಾ ಬಳಸಾಕತ್ತಾರ. ಅದರ ಮ್ಯಾಲ ಚಹಾದ ಕಪ್ಪ ಇಡ್ತಾರ. ಏನೂ ಆಗಿಲ್ಲ.”

“ಚಹಾದ ಕಪ್ಪ ಇಡಾಕ ನಮ್ಮ ಮನ್ಯಾಗ ಕಟಗಿ ಮಣಿ ಐತಿ,” ಎಂದೆ.

ಇಬ್ಬರೂ ಏರಿದ ದನಿಯಲ್ಲಿ ವಾದಿಸಿದರು. ಒಬ್ಬನಿಗೂ ಆನ್ ಮಾಡಲು ಬರುವುದಿಲ್ಲ, ಆದರೆ ಅಂಗಿ ಹಿಡಿಯುವುದೊಂದು ಬಾಕಿ. ನನ್ನ ಗಂಡ ತಂಬಾಕು ತಿಕ್ಕುತ್ತ ಎಲ್ಲ ಕೇಳಿಸಿಕೊಂಡು ಕೊನೆಗೆ ಒಂದೇ ಮಾತು ಕೇಳಿದರು:

“ಓಟಿನ ಮಷಿನ್ನ್ಯಾಗ ಯಾರೂ ಬ್ಯಾಡ ಅಂತ ಒತ್ತಾಕ ಕಡೀಕೊಂದು ಗುಂಡಿ ಇರ್ತದಲ್ಲ, ಅದು ಇದರಾಗ ಇಲ್ಲೇನು?”

೨. ಅಂಗಡಿ

ವಾಸ್ಕೋದ ಅಂಗಡಿಗೆ ಒಬ್ಬಳೇ ಹೋದೆ. ಅಂಗಡಿಯವನು ನನ್ನ ಕಿವಿಯ ಕಡ್ಡಿ ನೋಡಿದ, ಹವಾಯಿ ಚಪ್ಪಲಿ ನೋಡಿದ, ಒಳಗಿದ್ದ ಜೊತೆಗಾರನಿಗೆ ಕೊಂಕಣಿಯಲ್ಲಿ ಕೂಗಿದ: “ಮೊಬೈಲ್ ಚಾರ್ಜರಿಗೆ ಬಂದಿರಬೇಕು, ನೀನೇ ನೋಡಿಕೋ.”

ನಾನೂ ಕೊಂಕಣಿಯಲ್ಲೇ ಹೇಳಿದೆ: “ಲ್ಯಾಪ್‌ಟಾಪಿಗೆ ಬಂದಿದ್ದೇನೆ. ಅವನನ್ನು ಯಾಕೆ ಎಬ್ಬಿಸುತ್ತೀ, ನೀನೇ ನೋಡು.”

ಅಲ್ಲಿಂದ ಮುಂದೆ ನಾನು ಮ್ಯಾಡಮ್ ಆದೆ.

“ಗೇಮಿಂಗಿಗಾ, ವಿಡಿಯೋ ಎಡಿಟಿಂಗಿಗಾ ಮ್ಯಾಡಮ್?”

“ಡಬ್ಬಿಗೆ.”

“ಡಬ್ಬಿ?”

“ಎಷ್ಟು ಡಬ್ಬಿ ಹೊರಗೆ ಹೋದವು ಅಂತ ಬರೆಯುವುದಕ್ಕೆ.”

ಅವನು ಕಿಟಕಿಯದನ್ನು ತೋರಿಸಿ, ಇದಕ್ಕೆ ವೈರಸ್ ಬರುತ್ತದೆ ಎಂದ. ಸೇಬಿನದನ್ನು ದೂರದಿಂದ ತೋರಿಸಿದ, ಕೈಗೆ ಕೊಡಲಿಲ್ಲ. ಚಕ್ರದ್ದನ್ನು ಮಾತ್ರ ಎತ್ತಿ ನನ್ನ ಕೈಗೇ ಇಟ್ಟ. ಹಗುರ, ಅಗ್ಗ, ವೈರಸ್ ಇಲ್ಲ, ಎಲ್ಲ ಕೆಲಸವೂ ನೆಟ್ಟಿನಲ್ಲೇ.

“ನೆಟ್ ಇಲ್ಲದಿದ್ದರೆ?”

“ಈಗ ನೆಟ್ ಇಲ್ಲದ ಜಾಗ ಎಲ್ಲಿದೆ ಮ್ಯಾಡಮ್?”

ನಮ್ಮ ಸಾಲಿನಲ್ಲಿ ನೆಟ್ ಸಿಗುವುದು ಒಂದೇ ಕಡೆ, ಹದಿನಾಲ್ಕು ಮನೆಗೆ ಸೇರಿ ಇರುವ ಸಂಡಾಸದ ಬಾಗಿಲ ಮುಂದೆ. ಅಲ್ಲಿ ನಿಂತರೆ ಊರಿಗೆ ವಿಡಿಯೋ ಕಾಲ್ ಕೂಡ ಹೋಗುತ್ತದೆ. ಎರಡು ಹೆಜ್ಜೆ ಈಚೆ ಬಂದರೆ ಏನೂ ಇಲ್ಲ. ಇದನ್ನು ಅವನಿಗೆ ಮುಚ್ಚುಮರೆ ಇಲ್ಲದೆ ಹೇಳಿದೆ.

ಅವನು ನಗಲಿಲ್ಲ. ಸ್ವಲ್ಪ ಯೋಚಿಸಿ, “ಇದರ ಬ್ಯಾಟರಿ ಹತ್ತು ತಾಸು ಬರುತ್ತದೆ ಮ್ಯಾಡಮ್,” ಎಂದ. “ಸಂಡಾಸದ ಪಾಳಿ ಎಷ್ಟು ಉದ್ದವಿದ್ದರೂ ಚಿಂತೆಯಿಲ್ಲ.”

೩. ಎಂಜಲು

ಅಂದು ಏನೂ ಕೊಳ್ಳದೆ ಮನೆಗೆ ಬಂದೆ. ಅಷ್ಟರಲ್ಲಿ ಅಡಿಗೆಯವನು ಸುದ್ದಿ ತಂದ. ಅವನ ಬಾಯಾರು ಹೊಸದು ಕೊಳ್ಳುತ್ತಾರಂತೆ, ಹಳೆಯ ಸೇಬನ್ನು ಅಗ್ಗಕ್ಕೆ ಬಿಡುತ್ತಾರಂತೆ. ಎರಡು ದಿನ ಇಟ್ಟುಕೊಂಡು ನೋಡಲಿ ಎಂದು ಕೊಟ್ಟೂ ಕಳಿಸಿದರು.

ನಮ್ಮ ಮನೆಗೆ ಹೊಸ ಸಾಮಾನು ಏನೇ ಬರಲಿ, ಮೊದಲು ದೇವರ ಮುಂದೆ ಕೂರಬೇಕು. ಅದಕ್ಕೆ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಆಮೇಲೆ ಬಳಸುವುದು. ನಮ್ಮ ಅತ್ತೆ ನೆಲ ಸಾರಿಸಿ, ಕಾಯಿ ತೊಳೆದಿಟ್ಟು, ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಬೆನ್ನು ತಿರುಗಿಸಿ ನೋಡಿ ಅಲ್ಲೇ ನಿಂತರು.

“ಯಾರ ಕಚ್ಯಾರ ಇದನ್ನ?”

“ಯಾರೂ ಕಚ್ಚಿಲ್ರಿ ಅತ್ತಿ. ಕಂಪನಿ ಗುರುತದು.”

“ಕಂಪನ್ಯಾಗ ಯಾರ ಕಚ್ಯಾರ?”

“ಅಯ್ಯ, ಚಿತ್ರರೀ ಅದು.”

“ಚಿತ್ರ ತಗಿಯೂಮುಂದ ಇಡೀ ಹಣ್ಣು ಸಿಗಲಿಲ್ಲೇನು ಅವರಿಗೆ? ಎಂಜಲಾನ ದೇವರ ಮುಂದ ಇಡಾಕ ನನ್ನ ಕೈಲೆ ಆಗೂದಿಲ್ಲವಾ.”

ದೇವರ ಮುಂದೆ ಹೋಗದ ಯಂತ್ರ ಮನೆಯಲ್ಲಿ ಉಳಿಯುವಂತಿಲ್ಲ. ನಾನೂ ಹಟಕ್ಕೆ ಬಿದ್ದೆ. ಮಗಳ ಕಂಪಾಸ್ ಪೆಟ್ಟಿಗೆಯಲ್ಲಿ ಒಂದು ಗಣಪತಿ ಸ್ಟಿಕರ್ ಇತ್ತು. ತಂದು ಸರಿಯಾಗಿ ಸೇಬಿನ ಮೇಲೆ ಹಚ್ಚಿದೆ. ಹಣ್ಣು ಕಾಣಲಿಲ್ಲ, ಕಚ್ಚಿದ್ದೂ ಕಾಣಲಿಲ್ಲ. “ಈಗ ಇಡ್ರಿ,” ಎಂದೆ.

ಅತ್ತೆ ಎದೆಯ ಮೇಲೆ ಕೈ ಇಟ್ಟುಕೊಂಡರು. “ಎಂಜಲದ ಮ್ಯಾಲ ಗಣಪ್ಪನ್ನ ಕುಂಡ್ರಿಸಿದೆಲ್ಲ ನಿನ್ನ!”

ಆ ದಿನ ಅವರು ಎರಡು ಸಲ ಸ್ನಾನ ಮಾಡಿದರು. ಸ್ಟಿಕರ್ ಉಗುರಿನಿಂದ ಕೆರೆದರೂ ಕಿತ್ತು ಬರಲಿಲ್ಲ. ಗಣಪ್ಪನ ಸಮೇತ ವಾಪಸ್ಸು ಕಳಿಸಿ, ಬೈಗುಳಕ್ಕೆ ಕಾಯುತ್ತ ಕುಳಿತೆ. ಬಂಗಲೆಯ ಬಾಯಾರು ಪ್ರತಿ ಭಾನುವಾರ ಇಗರ್ಜಿಗೆ ಹೋಗುವ ಕ್ರೈಸ್ತರು. ಅಡಿಗೆಯವನು ಮರುದಿನ ಬಂದು ಹೇಳಿದ: “ಚಂದ ಕಾಣ್ತದಂತ್ರಿ ವೈನಿ. ಇನ್ನ ಮಾರೂದಿಲ್ಲಂತ.”

೪. ಮಾಸ್ತರಬಾಯಿ

ನಮ್ಮ ಮನೆಯಲ್ಲಿ ಕಂಪ್ಯೂಟರನ್ನು ನಿಜವಾಗಿ ಮುಟ್ಟಿದವರು ಯಾರು ಎಂದು ಯೋಚಿಸಿದರೆ ಉಳಿದವಳು ಒಬ್ಬಳೇ, ಎರಡನೇ ಇಯತ್ತೆಯ ಮಗಳು. ಅವಳ ಶಾಲೆಯಲ್ಲಿ ಇದ್ದದ್ದು ಕಿಟಕಿ. ಅಲ್ಲಿಗೆ ಚುನಾವಣೆ ಮುಗಿಯಿತು. ರಿಪೇರಿ ಅಂಗಡಿಯಿಂದ ಒಂದು ಹಳೆಯ ಕಿಟಕಿ ತಂದೆ. ಅತ್ತೆ ತಿರುಗಿಸಿ ನೋಡಿದರು. ಕಿಟಕಿಯನ್ನು ಯಾರೂ ಕಚ್ಚಿರಲಿಲ್ಲ.

ಮಗಳು ಫೂಟುಪಟ್ಟಿ ಹಿಡಿದು ಪಕ್ಕದಲ್ಲಿ ಕೂತಳು.

“ಒಂದಾ ಬೆರಳಿಲೆ ಎಷ್ಟೊತ್ತು ಕುಟ್ಟತಿ? ಎಲ್ಲಾ ಬೆರಳು ಹಚ್ಚು.”

“ಹಚ್ಚಾಕತ್ತೇನವಾ.”

“ಎಷ್ಟ ಸರ್ತಿ ಹೇಳಬೇಕು ನಿನಗ? ತಲ್ಯಾಗ ಏನ ತುಂಬೇದ? ಬಾಜು ಮನೀದವ್ರನ್ನ ನೋಡಿ ಕಲಿ.”

ಒಂದೊಂದು ಮಾತೂ ನನ್ನದೇ, ಒಂದಕ್ಷರ ಹೆಚ್ಚುಕಡಿಮೆ ಇಲ್ಲ. ನಾನು ಹೇಳುವಾಗ ಅವು ಇಷ್ಟು ಉರಿಯುತ್ತವೆಂದು ಗೊತ್ತಿರಲಿಲ್ಲ. ಕಣ್ಣಲ್ಲಿ ನೀರು ಬಂತು. ರೊಟ್ಟಿಯ ಹಂಚು ಕಾಯುತ್ತಿದೆ ಎಂದು ನೆವ ಹೇಳಿ ಒಲೆಯ ಕಡೆ ಎದ್ದು ಹೋದೆ. ಕೂಡಲೇ ಅವಳು ಹೊರಗಿದ್ದ ಅಪ್ಪನಿಗೆ ಕೂಗಿದಳು:

“ಪಪ್ಪಾ, ಅವ್ವ ಅಭ್ಯಾಸ ಮಾಡವಲ್ಲಳು! ಬರೇ ರೊಟ್ಟಿ ಬಡಕೋತ ಕುಂದರ್ತಾಳ!”

೫. ಛತ್ರಿ

ಮಳೆ ಹಿಡಿದ ಮೇಲೆ ನಮ್ಮ ಸಾಲಿನಲ್ಲಿ ಕರೆಂಟು ನೆಟ್ಟಗೆ ಇರಲಿಲ್ಲ. ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಾರ್ಖಾನೆಗೇ ಒಯ್ಯತೊಡಗಿದೆ. ಊಟದ ಹೊತ್ತಿನಲ್ಲಿ ಚಾರ್ಜ್ ಹಚ್ಚಿ ಕಲಿಯುವುದು. ಉಳಿದವರು ಎದ್ದು ಬೇರೆ ಕಡೆ ಕೂತು ಊಟ ಮಾಡುತ್ತಿದ್ದರು. ಯಾರೂ ಏನೂ ಅನ್ನುತ್ತಿರಲಿಲ್ಲ. ಬೈದಿದ್ದರೆ ನನಗೆ ತಿರುಗಿ ಬೈಯಲು ಬರುತ್ತಿತ್ತು. ಸುಮ್ಮನಿದ್ದವರಿಗೆ ಏನು ಮಾಡುವುದು?

ಅಕ್ಕ ಮೂರು ವಾರ ಮಾತು ಬಿಟ್ಟಳು. ಅವಳ ಗಂಡ ಕುಡಚಡೆಯಲ್ಲಿ ಅದಿರು ಲಾರಿ ಓಡಿಸುತ್ತಿದ್ದವನು ಈಗ ಕಾಲು ಕೆಟ್ಟು ಮನೆಯಲ್ಲಿದ್ದಾನೆ. ಆ ಮನೆ ನಡೆಯುವುದು ಅವಳೊಬ್ಬಳ ದುಡಿಮೆಯಿಂದ. ಇದು ನನಗೂ ಗೊತ್ತು, ನನಗೆ ಗೊತ್ತಿದೆ ಎನ್ನುವುದು ಅವಳಿಗೂ ಗೊತ್ತು.

ಒಂದು ಸಂಜೆ ಫೆರಿ ನಡುಹೊಳೆಯಲ್ಲಿದ್ದಾಗ ಮಳೆ ಅಡ್ಡಡ್ಡ ಹೊಡೆಯಿತು. ನನ್ನ ಛತ್ರಿ ಹಿಂದುಮುಂದಾಗಿ ಕಡ್ಡಿ ಮುರಿಯಿತು. ನಾನು ಚೀಲವನ್ನು ಹೊಟ್ಟೆಗೆ ಒತ್ತಿಕೊಂಡು ಬಗ್ಗಿ ನಿಂತೆ. ಆ ಕಡೆಯಿಂದ ಅಕ್ಕ ಎದ್ದು ಬಂದು ತನ್ನ ಛತ್ರಿ ಹಿಡಿದಳು. “ಅಕ್ಕಾ,” ಎಂದೆ. ಆಮೇಲೆ ನೋಡಿದರೆ ಛತ್ರಿ ಇದ್ದದ್ದು ಚೀಲದ ಮೇಲೆ. ನನ್ನ ತಲೆಯಿಂದ ನೀರು ಸುರಿಯುತ್ತಿತ್ತು.

“ನೀ ತೊಯ್ದ್ರ ಒಣಗತಿ,” ಎಂದಳು ಅಕ್ಕ. “ಸುಮ್ನ ನಿಂದ್ರು.”

೬. ಡಿಸ್ಪ್ಯಾಚ್ ಕಂಪ್ಯೂಟರು

ಪರೀಕ್ಷೆಯ ದಿನ ಸಾಹೇಬರು ನನ್ನನ್ನು ಕೋಣೆಗೆ ಕರೆದರು. ಮೂಲೆಯಲ್ಲಿ ಆ ಕಂಪ್ಯೂಟರ್ ಇತ್ತು. ಪರದೆಯ ಮೇಲೆ ನಾಲ್ಕು ಚೌಕದ ಕಿಟಕಿ ಕಂಡು ಜೀವ ಬಂತು. ಮನಸ್ಸಿನಲ್ಲೇ ಮಗಳಿಗೆ ನಮಸ್ಕಾರ ಮಾಡಿ ಹತ್ತೂ ಬೆರಳು ಚಾಚಿದೆ.

“ಮುಟ್ಟಬೇಡ!” ಎಂದು ಸಾಹೇಬರು ಕುರ್ಚಿ ಬಿಟ್ಟು ಎದ್ದರು.

ಆಮೇಲೆ ಬಾಗಿಲು ಮುಂದೆ ಮಾಡಿ ಸಂಗತಿ ಹೇಳಿದರು. ಹಿಂದಿನ ಕ್ಲರ್ಕು ಜಗಳ ಮಾಡಿಕೊಂಡು ಗಲ್ಫಿಗೆ ಹೋದನಂತೆ, ಪಾಸ್‌ವರ್ಡ್ ಯಾರಿಗೂ ಹೇಳದೆ. ಅವನು ಹೋದಾಗ ಕಂಪ್ಯೂಟರ್ ತೆರೆದಿತ್ತು, ಅಂದಿನಿಂದ ತೆರೆದೇ ಇದೆ. ಹತ್ತು ನಿಮಿಷ ಯಾರೂ ಮುಟ್ಟದಿದ್ದರೆ ಬೀಗ ಬೀಳುತ್ತದೆ, ಬಿದ್ದರೆ ಲೆಕ್ಕವೆಲ್ಲ ಒಳಗೇ. ಸರಿಮಾಡುವವನು ಪುಣೆಯಿಂದ ಬರಬೇಕು, ಪ್ರತಿ ವಾರ ಮುಂದಿನ ವಾರ ಎನ್ನುತ್ತಾನೆ. ಅಲ್ಲಿಯವರೆಗೆ ರಾತ್ರಿ ಕಾರ್ಖಾನೆಯ ವಾಚ್‌ಮನ್, ಹಗಲು ಸಾಹೇಬರೇ ಕೂತು ಮೌಸ್ ಅಲುಗಾಡಿಸುತ್ತಿದ್ದಾರೆ.

“ಬಿಲ್ ನಾನೇ ಹಾಕುತ್ತೇನೆ. ನೀನು ಅಲುಗಾಡಿಸಿದರೆ ಸಾಕು. ನಿನಗೆ ಗಡಿಯಾರ ನೋಡಲು ಬರುತ್ತದಲ್ಲ?”

“ಬರುತ್ತದೆ ಸಾಹೇಬ್.”

“ಪಾಸ್.”

ಬೀಗ ಬೀಳುವುದನ್ನೇ ನಿಲ್ಲಿಸಲು ಅದರಲ್ಲಿ ಒಂದು ಕಡೆ ಒತ್ತಿದರೆ ಆಯಿತು. ಮಗಳು ನನಗೆ ಅದನ್ನು ಮೊದಲನೇ ವಾರವೇ ಕಲಿಸಿದ್ದಳು. ನಾನು ಕಲಿತದ್ದರಲ್ಲಿ ಆ ಕೋಣೆಗೆ ಬೇಕಾಗಿದ್ದದ್ದು ಅದೊಂದೇ. ಹೇಳಿದರೆ ನನ್ನ ನೌಕರಿ ಅರ್ಧ ನಿಮಿಷದ್ದು. ಬಾಯಿ ಮುಚ್ಚಿಕೊಂಡೆ. ನಾನು ಬಾಯಿ ಮುಚ್ಚಿಕೊಂಡಿದ್ದನ್ನು ನಮ್ಮ ಮನೆಯವರು ಯಾರೂ ಇಂದಿಗೂ ನಂಬುವುದಿಲ್ಲ.

ಬಾಗಿಲವರೆಗೆ ಹೋಗಿ ತಿರುಗಿ ಬಂದೆ. “ಸಾಹೇಬ್, ನಾನು ಊಟಕ್ಕೆ ಹೋದಾಗ?”

ಸಾಹೇಬರು ಗಡಿಯಾರ ನೋಡಿ ಮೌಸ್ ಅಲುಗಾಡಿಸಿದರು.

“ಸಂಡಾಸಕ್ಕೆ ಹೋದಾಗ? ಮಗಳಿಗೆ ಜ್ವರ ಬಂದು ರಜೆ ಹಾಕಿದಾಗ?”

ಪಾಪ, ಎಷ್ಟೋ ತಿಂಗಳಿಂದ ಅವರೂ ನೆಮ್ಮದಿಯಿಂದ ಊಟಕ್ಕೆ ಹೋಗಿರಲಿಲ್ಲ. “ನಂಬಿಕೆಯವರು ಇನ್ನೊಬ್ಬರು ಇದ್ದಾರಾ?” ಎಂದರು.

ನಾನು ಅಕ್ಕನ ಹೆಸರು ಹೇಳಿದೆ. ಹೀಗೆ ಏಳರಲ್ಲಿ ಇಬ್ಬರು ಉಳಿದೆವು. ಐವರು ಹೋದರು. ಹೋಗುವ ದಿನ ಒಬ್ಬಳು ತನ್ನ ಕೂದಲಿನ ಜಾಲರಿ ಟೋಪಿಯನ್ನು ತೊಳೆದು ಮಡಚಿ ಮೇಜಿನ ಮೇಲಿಟ್ಟು ಹೋದಳು, ಮರುದಿನ ಯಾರೋ ಹಾಕಿಕೊಳ್ಳುತ್ತಾರೆ ಎನ್ನುವ ಹಾಗೆ. ಈಗ ಫೆರಿಯಲ್ಲಿ ಅಕ್ಕ ಮತ್ತು ನಾನು ಮೊದಲಿನ ಜಾಗದಲ್ಲೇ ನಿಲ್ಲುತ್ತೇವೆ. ಪ್ರತಿ ಸೋಮವಾರ ಗೇಟಿನ ಹತ್ತಿರ ಬ್ಯಾಗು ಹಿಡಿದ ಹೊಸ ಮನುಷ್ಯ ಕಂಡರೆ ಇಬ್ಬರ ಕಾಲೂ ನಿಲ್ಲುತ್ತವೆ, ಪುಣೆಯವನೇ ಇರಬಹುದೆಂದು. ಇನ್ನೂ ಬಂದಿಲ್ಲ. ಬರುವವನೇ.

ಅಕ್ಕ ಶಾಲೆಗೆ ಹೋದದ್ದು ನಾಲ್ಕನೇ ಇಯತ್ತೆವರೆಗೆ. ಗಡಿಯಾರದ ಮುಳ್ಳು ಹತ್ತು ನಿಮಿಷ ಸರಿಯುವ ಮುಂಚೆ, ಹಂಚಿನ ಮೇಲೆ ರೊಟ್ಟಿ ಸರಿಸಿದಂತೆ ಮೌಸ್ ಸರಿಸುತ್ತಾಳೆ. ಇಲ್ಲಿಯವರೆಗೆ ಒಂದು ಸಲವೂ ತಪ್ಪಿಲ್ಲ. ಪಗಾರದ ಚೀಟಿಯಲ್ಲಿ ನಮ್ಮಿಬ್ಬರ ಹೆಸರಿನ ಮುಂದೂ ‘ಕಂಪ್ಯೂಟರ್ ಆಪರೇಟರ್’ ಎಂದು ಬರೆದಿದೆ. ಅವಳ ಗಂಡ ಅದನ್ನು ಇಂಡಿ ತಾಲೂಕಿನ ತನ್ನ ಇಡೀ ಊರಿಗೆ ಫೋನ್ ಮಾಡಿ ಹೇಳಿಬಿಟ್ಟ.

ಮೊನ್ನೆ ಫೆರಿಯಲ್ಲಿದ್ದಾಗ ಊರಿನಿಂದ ಅವಳ ನೆಗೆಣ್ಣಿಯ, ಅಂದರೆ ಮೈದುನನ ಹೆಂಡತಿಯ, ಫೋನು ಬಂತು. ಮಗಳನ್ನು ಕಾಲೇಜಿಗೆ ಹಾಕಿದ್ದಾರೆ, ಲ್ಯಾಪ್‌ಟಾಪ್ ಕೊಡಿಸಬೇಕು. ಅಂಗಡಿಯವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. “ನೀ ಅದರಾಗ ಇರಾಕಿ, ಯಾವುದು ತುಗೋಬೇಕು ನೀನಾ ಹೇಳಕ್ಕ.”

ಹೇಳಿಕೊಡೋಣ ಎಂದು ನಾನು ಫೋನಿಗೆ ಕೈ ಚಾಚಿದೆ. ಅಕ್ಕ ನನ್ನ ಕೈ ಸರಿಸಿದಳು. ಸೆರಗು ಸರಿಮಾಡಿಕೊಂಡಳು, ಗಂಟಲು ಸರಿಮಾಡಿಕೊಂಡಳು, ಫೆರಿಯ ಮಂದಿಗೆಲ್ಲ ಕೇಳುವ ಹಾಗೆ ಹೇಳಿದಳು:

“ಯಾವುದರ ತುಗೋರಿ, ಎಲ್ಲಾ ಒಂದಾ. ಆದ್ರ ಒಮ್ಮಿ ಚಾಲೂ ಮಾಡಿದಿರಿ ಅಂದ್ರ, ಏನಾ ಆಗಲಿ, ಬಂದ್ ಮಾತ್ರ ಮಾಡಬ್ಯಾಡ್ರಿ.”