ಅರೆಬೆಂದ ಕೈಪಿಡಿ ಹಂಚಿದ್ದು

ಪೂರ್ತಿಯಾಗದ ಸಾಫ್ಟ್‌ವೇರನ್ನು ಯಾರಿಗಾದರೂ ಕೊಟ್ಟು, ಸುಮ್ಮನೆ ಒಮ್ಮೆ ನೋಡಿ ಹೇಳಿ ಎಂದಾಗಲೆಲ್ಲ ಏನಾದರೊಂದು ಆಗಿಯೇ ಆಗುತ್ತದೆ. ಸಾಫ್ಟ್‌ವೇರಿಗಲ್ಲ, ನನಗೆ.

ಸಿಂಧನೂರಿನ ಬಸ್ ನಿಲ್ದಾಣದ ಹತ್ತಿರ, ಔಷಧಿ ಅಂಗಡಿಯೊಂದರ ಮಾಳಿಗೆ ಮೇಲೆ ನಮ್ಮ ಆಫೀಸಿದೆ. ಆಫೀಸೆಂದರೆ ಎರಡು ಕಂಪ್ಯೂಟರು, ಒಂದು ಕೂಲರು, ನಾನು ಮತ್ತು ನನ್ನ ಪಾಲುದಾರ. ಪಾಲುದಾರನನ್ನು ಊರೆಲ್ಲ ಭಾಯಿ ಎನ್ನುತ್ತದೆ, ನಾನೂ ಹಾಗೇ ಕರೆಯುತ್ತೇನೆ. ಅಕ್ಕಿ ಗಿರಣಿಗಳಲ್ಲಿ ಭತ್ತದ ಲಾರಿ ಹತ್ತಿ ನಿಂತು ತೂಗಿಸಿಕೊಳ್ಳುವ ಕಾಟಾ ಇರುತ್ತದಲ್ಲ, ಅದರ ತೂಕವನ್ನು ಕಂಪ್ಯೂಟರಿಗೆ ತಂದು ಚೀಟಿ ಹೊಡೆಯುವ ಪ್ರೋಗ್ರಾಂ ನಮ್ಮದು. ಊರಾಚೆಯ ಒಂದು ದೊಡ್ಡ ಗಿರಣಿ ನಮ್ಮ ಮುಖ್ಯ ಗಿರಾಕಿ. ಅಲ್ಲಿ ಏನೇ ನಿಂತರೂ ಫೋನ್ ನನಗೆ. ಪ್ರಿಂಟರಿನಲ್ಲಿ ಕಾಗದ ಮುಗಿದರೂ ನನಗೆ. ಒಮ್ಮೆ ಕರೆಂಟ್ ಹೋಗಿದ್ದಕ್ಕೂ ನನಗೇ ಬಂದಿತ್ತು.

ಹೀಗಿರುವಾಗ ನನ್ನ ನಿಶ್ಚಿತಾರ್ಥವಾಯಿತು. ಹುಡುಗ ಮಸ್ಕಿಯವನು, ಪಾಮನಕಲ್ಲೂರಿನಲ್ಲಿ ಮಾಸ್ತರ. ಉಂಗುರ ನನ್ನ ಬೆರಳಿನ ಅರ್ಧಕ್ಕೆ ಬಂದಿತ್ತು, ಗಿರಣಿಯಿಂದ ಫೋನ್ ಬಂತು. ಕಾಟಾದ ಮೇಲೆ ಒಂದು ಲಾರಿ ಸಿಕ್ಕಿಕೊಂಡಿದೆ, ಹಿಂದೆ ಸಾಲು ನಿಂತಿದೆ. ನಾನು ಒಂದು ಕೈ ಹುಡುಗನಿಗೆ ಕೊಟ್ಟು ಇನ್ನೊಂದು ಕೈಯಲ್ಲಿ ಫೋನ್ ಹಿಡಿದು, ಅದನ್ನ ಒಮ್ಮೆ ತಗದು ಮತ್ತ ಹಾಕ್ರಿ ಎಂದೆ. ನಾನು ಹೇಳಿದ್ದು ಕಾಟಾದ ವೈರನ್ನು. ಹುಡುಗ ಹೆದರಿ ಉಂಗುರ ತೆಗೆದು ಮತ್ತೆ ಹಾಕಿದ.

ಎಲ್ಲರೂ ನಕ್ಕರು, ಅವನ ತಾಯಿ ನಗಲಿಲ್ಲ. ಅಂಗನವಾಡಿಯಲ್ಲಿ ಮೂವತ್ತು ವರ್ಷ ಮಕ್ಕಳನ್ನು ಸುಮ್ಮನೆ ಕೂಡಿಸಿ ನಿವೃತ್ತರಾದವರು ಅವರು. "ಮದುವಿ ದಿನ ಫೋನ್ ಬಂದ್ರ ಅಕ್ಷತಿ ಅಕ್ಕಿಕಾಳು ಆ ಫೋನಿಗೇ ಹಾಕಿ ಬರ್ತೀನಿ" ಎಂದರು. ಮದುವೆ ಇದ್ದದ್ದು ಬೇಸಿಗೆ ಭತ್ತ ಬರುವ ಕಾಲಕ್ಕೆ, ಗಿರಣಿಯವರಿಗೆ ಉಸಿರಾಡಲೂ ಬಿಡುವಿಲ್ಲದ ಹೊತ್ತಿಗೆ. ನನಗೆ ನಿಜಕ್ಕೂ ಭಯವಾಯಿತು. ಹತ್ತು ದಿನ ಗಿರಣಿಯವರು ನನ್ನನ್ನು ಕೇಳದೆ ಬದುಕುವಂತೆ ಮಾಡಬೇಕಿತ್ತು. ಅದಕ್ಕೆ ಒಂದು ಕೈಪಿಡಿ ಬೇಕಿತ್ತು. ಕೈಪಿಡಿ ಬರೆಯುವುದೆಂದರೆ ನನಗೆ ಜ್ವರ ಬರುತ್ತದೆ, ಆದ್ದರಿಂದ ಕೈಪಿಡಿ ಬರೆಯುವ ಪ್ರೋಗ್ರಾಂ ಒಂದನ್ನು ಬರೆಯಲು ಕೂತೆ.

ಪ್ರೋಗ್ರಾಂ ಬರೆಯುವವರು ಸಾಲುಗಳ ನಡುವೆ ತಮ್ಮ ನೆನಪಿಗೆಂದು ಟಿಪ್ಪಣಿ ಬರೆದುಕೊಂಡಿರುತ್ತಾರೆ. ಈ ಭಾಗ ಏನು ಮಾಡುತ್ತದೆ, ಯಾಕೆ ಹಾಕಿದೆ, ಹೀಗೆ. ಅದು ಕಂಪ್ಯೂಟರಿಗೂ ಬೇಡ, ಬಳಸುವವರ ಕಣ್ಣಿಗೂ ಬೀಳುವುದಿಲ್ಲ. ಕೈಪಿಡಿ ಬರೆಯುವ ನನ್ನ ಈ ಯಂತ್ರ ಆ ಟಿಪ್ಪಣಿಗಳನ್ನು ಹೆಕ್ಕಿ, ಜೋಡಿಸಿ, ಪುಟ ಸಂಖ್ಯೆ ಹಾಕಿ ಪುಸ್ತಕ ಮಾಡಿಕೊಡಬೇಕು. ಹದಿನೈದು ದಿನಕ್ಕೆ ಅರ್ಧ ತಯಾರಾಯಿತು. ಅರ್ಧವನ್ನೇ ಹಂಚಲು ಹೊರಟೆ.

೧. ಮೊದಲ ಓದುಗ

ಮೊದಲ ಪ್ರತಿ ಹೋಗಿದ್ದು ಗಿರಣಿಯ ಕಾಟಾ ಗುಮಾಸ್ತನ ಕೈಗೆ. ನನಗೆ ಅತಿ ಹೆಚ್ಚು ಫೋನ್ ಮಾಡುವವನು ಅವನೇ. ಓದಿ, ತಿಳಿಯದ ಕಡೆ ಗುರುತು ಹಾಕಿ ಇಡಿ ಎಂದು ಹೇಳಿ ಬಂದೆ.

ಒಂದು ವಾರ ಅವನಿಂದ ಒಂದೂ ಫೋನ್ ಬರಲಿಲ್ಲ. ಭಾಯಿಯ ಮುಂದೆ ಎದೆ ಉಬ್ಬಿಸಿಕೊಂಡು ತಿರುಗಾಡಿದೆ. ಎಂಟನೇ ದಿನ ಹೋಗಿ ನೋಡಿದರೆ ಕೈಪಿಡಿ ಕಂಪ್ಯೂಟರಿನ ತಲೆಯ ಮೇಲೆ ಕೂತಿದೆ. ಅರಿಶಿನ, ಕುಂಕುಮ, ಮೇಲೊಂದು ಚೆಂಡುಹೂವು, ಪಕ್ಕದಲ್ಲಿ ಉರಿದು ಮುಗಿದ ಊದಿನಕಡ್ಡಿ. ಗುರುತೇನೋ ಹಾಕಿದ್ದ, ಕುಂಕುಮದಲ್ಲಿ.

ಓದಿದಿರಾ ಎಂದು ಕೇಳಿದೆ. ಹೊಸ ಪುಸ್ತಕ, ಒಳ್ಳೆಯ ದಿನ ನೋಡಿ ತೆರೆಯಬೇಕೆಂದು ಇಟ್ಟಿದ್ದೇನೆ ಎಂದ. ಹಾಗಾದರೆ ವಾರವೆಲ್ಲ ಯಾಕೆ ಫೋನ್ ಮಾಡಲಿಲ್ಲ ಎಂದರೆ, ತೊಂದರೆಯೇ ಆಗಲಿಲ್ಲವಂತೆ.

"ಇದು ಬಂದಾಗಿಂದ ಮಷಿನ್ ಒಂದ್ಸಲನೂ ನಿಂತಿಲ್ರೀ ಅಕ್ಕಾರ. ಇನ್ನೊಂದು ಪ್ರತಿ ಕೊಡ್ರಿ, ಪ್ರಿಂಟರ್ ಭಾಳ ಕಾಡಾಕತ್ತೈತಿ."

೨. ಬಾಯಿಪಾಠ

ಓದುವವರ ಕೈಗೇ ಕೊಡೋಣವೆಂದು ಲಿಂಗಸುಗೂರಿಗೆ ಹೋದೆ. ಅಲ್ಲಿ ನನ್ನ ಕಾಲೇಜಿನ ಗೆಳತಿ ಒಂದು ಸಣ್ಣ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಾಳೆ. ಅವಳಿಗೆ ಶಿಸ್ತು ಸ್ವಲ್ಪ ಜಾಸ್ತಿ. ನಿನ್ನ ವಿದ್ಯಾರ್ಥಿನಿಯರು ಓದಿ ಏನನ್ನಿಸಿತು ಹೇಳಲಿ ಎಂದು ಪ್ರತಿ ಕೊಟ್ಟೆ. ಆಯಿತು, ಮುಂದಿನ ಶನಿವಾರ ಬಾ ಎಂದಳು.

ನನ್ನ ಯಂತ್ರಕ್ಕೆ ಆಗಿನ್ನೂ ಒಂದು ಊನವಿತ್ತು. ಯಾವ ಭಾಗದ ತಲೆಯ ಮೇಲೆ ನೇರವಾಗಿ ಟಿಪ್ಪಣಿ ಇಲ್ಲವೋ ಅಲ್ಲಿ ಖಾಲಿ ಬಿಡಬಾರದೆಂದು "ಇಲ್ಲಿ ವಿವರಣೆ ಬರುತ್ತದೆ" ಎಂದು ಅಚ್ಚು ಹಾಕುತ್ತಿತ್ತು. ಆಮೇಲೆ ನಾನು ತುಂಬಬೇಕೆಂದು ಇಟ್ಟುಕೊಂಡ ಜಾಗ ಅದು. ನಾವು ಟಿಪ್ಪಣಿ ಬರೆಯುವುದರಲ್ಲಿ ಶಿಸ್ತಿನವರಲ್ಲವಾದ್ದರಿಂದ ಮುಕ್ಕಾಲು ಪುಸ್ತಕ ಅದೇ ಇತ್ತು.

ಶನಿವಾರ ಹೋದರೆ ನನಗೆಂದು ಕುರ್ಚಿ, ಮೇಜಿನ ಮೇಲೆ ನೀರಿನ ಲೋಟ, ಎದುರಿಗೆ ಕೈಕಟ್ಟಿ ಸಾಲಾಗಿ ನಿಂತ ಹುಡುಗಿಯರು. ಗೆಳತಿ ಅದನ್ನು ಮೌಖಿಕ ಪರೀಕ್ಷೆ ಮಾಡಿಬಿಟ್ಟಿದ್ದಳು, ನಾನು ಹೊರಗಿನಿಂದ ಬಂದ ಪರೀಕ್ಷಕಿ. ತೂಕ ಓದುವ ಭಾಗದ ಕೆಲಸವೇನು ಎಂದು ಮೊದಲನೆಯವಳನ್ನು ಕೇಳಿದೆ. ಅವಳು ಗಂಟಲು ಸರಿಮಾಡಿಕೊಂಡು, "ಇಲ್ಲಿ ವಿವರಣೆ ಬರುತ್ತದೆ" ಎಂದಳು. ಚೀಟಿ ಹೊಡೆಯುವ ಭಾಗದ್ದು? ಎರಡನೆಯವಳೂ ಅದನ್ನೇ ಹೇಳಿದಳು. ಮೂರನೆಯವಳು ಎರಡು ಸಲ ಹೇಳಿದಳು, ಆ ಪುಟದಲ್ಲಿ ಅದು ಎರಡು ಸಲ ಅಚ್ಚಾಗಿತ್ತು. ಗೆಳತಿ ಪುಸ್ತಕ ನೋಡಿ ನೋಡಿ ಪೂರ್ತಿ ಅಂಕ ಹಾಕುತ್ತಿದ್ದಳು.

ನಾಲ್ಕನೆಯವಳು ಮಾತ್ರ ಹೆದರಿ ಬರೀ "ವಿವರಣೆ ಬರುತ್ತದೆ" ಎಂದಳು. "ಇಲ್ಲಿ" ಬಿಟ್ಟಿದ್ದಕ್ಕೆ ಅರ್ಧ ಅಂಕ ಹೋಯಿತು.

೩. ಬೀಗರ ಮನೆಯಲ್ಲಿ

ನಾಚಿಕೆಯಾಗಿ ಬಂದು ಆ ಸಾಲನ್ನೇ ಕಿತ್ತು ಹಾಕಿದೆ. ವಿವರಣೆ ಇಲ್ಲದ ಕಡೆ, ಅದಕ್ಕೆ ಸಂಬಂಧಿಸಿದ ಬೇರೆ ಪುಟಕ್ಕೆ ಕಳಿಸುವಂತೆ ಯಂತ್ರಕ್ಕೆ ಹೇಳಿಕೊಟ್ಟೆ. ಹೊಸ ಪ್ರತಿಯನ್ನು ಹುಡುಗನ ಕೈಯಲ್ಲಿ ಮಸ್ಕಿಗೆ ಕಳಿಸಿದೆ.

ಭಾನುವಾರ ಮಸ್ಕಿಗೆ ಹೋದಾಗ ಅವನು ನನ್ನನ್ನು ಮೂಲೆಗೆ ಕರೆದು ಪುಸ್ತಕ ತೋರಿಸಿದ. ತುಂಬ ಕೆಂಪು ಶಾಯಿ. ಕೊನೆಯ ಪುಟದಲ್ಲಿ ನೂರಕ್ಕೆ ಮೂವತ್ತಾರು. ಮೂವತ್ತೈದಕ್ಕೆ ಪಾಸು, ಮದುವೆಯಾಗುವ ಹುಡುಗಿ ಅಂತ ಹೇಗೋ ತಳ್ಳಿದೀನಿ ಎಂದ. ಆ ಒಂದು ಅಂಕ ಹೆಚ್ಚು ಯಾಕೆಂದರೆ ಅನುಮಾನ ಬರಬಾರದೆಂದು.

ಅಷ್ಟರಲ್ಲಿ ಅತ್ತೆ ಒಳಗಿನಿಂದ ಕರೆದರು. ಅವರಿಗಾಗಿಯೇ ಮಗ ಇನ್ನೊಂದು ಪ್ರತಿ ಜೆರಾಕ್ಸ್ ಮಾಡಿಸಿದ್ದ. ಕನ್ನಡಕ ಹಾಕಿಕೊಂಡು, ಪುಟಗಳ ನಡುವೆ ಬಣ್ಣಬಣ್ಣದ ಹೊಲಿಗೆ ದಾರ ಇಟ್ಟುಕೊಂಡು ಕೂತಿದ್ದರು. ಭತ್ತದ ಹಸಿ, ಅಂದರೆ ತೇವ, ಅಳೆಯುವುದು ಹೇಗೆಂದು ತಿಳಿಯಬೇಕಿತ್ತಂತೆ. ನಾಲ್ಕನೇ ಪುಟ ಒಂಬತ್ತನ್ನು ನೋಡಿ ಎಂದಿತು. ಒಂಬತ್ತು, ಹದಿನೇಳನ್ನು ನೋಡಿ ಎಂದಿತು. ಹದಿನೇಳು ವಾಪಸು ನಾಲ್ಕಕ್ಕೆ ಕಳಿಸಿತು. ತಾನೇ ಎಲ್ಲೋ ತಪ್ಪಿದೆನೆಂದುಕೊಂಡು ಆ ಹೆಣ್ಣುಮಗಳು ಮಧ್ಯಾಹ್ನವೆಲ್ಲ ಸುತ್ತಿದ್ದಾರೆ. ಊಟಕ್ಕೂ ಎದ್ದಿರಲಿಲ್ಲವಂತೆ.

"ಇದನ್ನ ಬರದಾಕಿ ನೀನ ಏನು?" ಎಂದರು. ಹೌದೆಂದೆ. ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ನಾ ಯಾವುದೋ ಸರ್ಕಾರಿ ಕಚೇರಿಯವ್ರು ಬರದಾರ ಅಂದ್ಕೊಂಡಿದ್ದೆ."

೪. ಸಾಹುಕಾರರ ಮುಂದೆ

ಮದುವೆಗೆ ಎಂಟು ದಿನ ಉಳಿದಿತ್ತು. ಇನ್ನು ಖಾಲಿಯೂ ಇರಬಾರದು, ಅತ್ತಿತ್ತ ಓಡಾಡಿಸಲೂಬಾರದು ಎಂದು ಸಿಟ್ಟಿನಲ್ಲಿ ಯಂತ್ರಕ್ಕೆ ಒಂದೇ ಅಪ್ಪಣೆ ಕೊಟ್ಟೆ: ಪ್ರೋಗ್ರಾಮಿನ ಯಾವ ಮೂಲೆಯಲ್ಲಿ ಯಾವ ಟಿಪ್ಪಣಿ ಇದ್ದರೂ ಎತ್ತಿ ತಂದು ಅಚ್ಚು ಹಾಕು. ಅರವತ್ತು ಪುಟದ ದಪ್ಪ ಪುಸ್ತಕ ಬಂತು. ಓದಿ ನೋಡಬೇಕಿತ್ತು. ಬ್ಲೌಸಿನ ಅಳತೆ ಕೊಡಲು ಹೋಗಬೇಕಿದ್ದರಿಂದ ಓದಲಿಲ್ಲ.

ಗಿರಣಿಯ ಸಾಹುಕಾರರು ಪುಸ್ತಕ ತೂಗಿ ನೋಡುವಂತೆ ಕೈಯಲ್ಲಿ ಹಿಡಿದು ಸಂತೋಷಪಟ್ಟರು. ಇದರಲ್ಲಿ ಎಲ್ಲ ಇದ್ದರೆ ಹತ್ತು ದಿನ ನಿನಗೆ ಫೋನ್ ಮಾಡುವುದಿಲ್ಲ, ಆದರೆ ಎಲ್ಲರ ಮುಂದೆ ಓದಿಸಿ ನೋಡುತ್ತೇನೆ ಎಂದರು. ಗುಮಾಸ್ತ, ಹಸಿ ಅಳೆಯುವವನು, ಲೆಕ್ಕದವರು, ಸಾಹುಕಾರರ ಅಳಿಯ, ಎಲ್ಲರೂ ಬಂದು ಕೂತರು. ಗುಮಾಸ್ತ ಕೈಮುಗಿದು ಪುಸ್ತಕ ತೆರೆದ.

ಮೂರನೇ ಪುಟದಲ್ಲಿ ಭಾಯಿಯ ಟಿಪ್ಪಣಿ: ಈ ಭಾಗ ಹೇಗೆ ನಡೆಯುತ್ತದೋ ನನಗೂ ಗೊತ್ತಿಲ್ಲ, ಯಾರೂ ಮುಟ್ಟಬೇಡಿ. ಸಾಹುಕಾರರು ತಲೆಯಾಡಿಸಿ, ನಮ್ಮ ಹಳೇ ಮೋಟರಿನದೂ ಇದೇ ಕತೆ ಎಂದರು.

ಹನ್ನೊಂದನೇ ಪುಟದಲ್ಲಿ ನನ್ನದು: ಸಾಹುಕಾರರು ಪರದೆಯ ಬಣ್ಣ ಕೆಂಪು ಅಂದರು, ಹಸಿರು ಅಂದರು, ಮತ್ತೆ ಕೆಂಪು ಅಂದರು, ಇನ್ನೊಮ್ಮೆ ಕರೆದರೆ ಭಾಯಿ ಹೋಗಲಿ, ನಾನಂತೂ ಹೋಗುವುದಿಲ್ಲ. ಗುಮಾಸ್ತ ಓದುತ್ತ ಓದುತ್ತ ದನಿ ಇಳಿಸಿದ. ನಾನು ಪುಸ್ತಕ ಕಸಿದುಕೊಳ್ಳಲು ಹೋದೆ. ಸಾಹುಕಾರರು ಕೈ ಅಡ್ಡ ಹಿಡಿದು, ಹಸಿರೇ ಚಲೋ ಇತ್ತು ಎಂದರು.

ಆಮೇಲೆ ಬಂತು ಇಪ್ಪತ್ತಾರನೇ ಪುಟ. ನಮ್ಮ ಪರದೆಯ ಮೇಲೆ ತಪಾಸಣೆ ಎಂಬ ಒಂದು ಬಟನ್ ಇದೆ. ಅಳಿಯಂದಿರು ಅದನ್ನು ಒತ್ತಿ, ಹಸಿರು ದೀಪ ಬಂದ ಮೇಲೆಯೇ ಲಾರಿ ಹೊರಡಬೇಕು. ಅವರು ಊಟಕ್ಕೆ ಹೋದರೆ ಲಾರಿಗಳು ಕಾಯುತ್ತವೆ. ಗುಮಾಸ್ತ ಓದಿದ: "ತಪಾಸಣೆ ಬಟನ್. ಒತ್ತಿದರೆ ಏನೂ ಆಗುವುದಿಲ್ಲ, ದೀಪ ಬರುತ್ತದೆ ಅಷ್ಟೇ. ಅಳಿಯನಿಗೆ ಒಂದು ಕೆಲಸ ಇರಲಿ ಎಂದು ಸಾಹುಕಾರರು ಹೇಳಿ ಹಾಕಿಸಿದ್ದು. ಅಳಿಯನಿಗೆ ಗೊತ್ತಾಗಬಾರದು."

ಸಾಹುಕಾರರು ಕಿಟಕಿಯಾಚೆ ಒಣಹಾಕಿದ ಭತ್ತವನ್ನು ಮೊದಲ ಸಲ ಕಂಡವರಂತೆ ನೋಡತೊಡಗಿದರು. ನನ್ನ ಮದುವೆಯೂ ಹೋಯಿತು, ಗಿರಾಕಿಯೂ ಹೋದ, ಒಬ್ಬರ ಸಂಸಾರವನ್ನೂ ಕೆಡಿಸಿದೆ ಎಂದುಕೊಂಡೆ. ಕೊನೆಗೆ ಅಳಿಯಂದಿರೇ ಬಾಯಿಬಿಟ್ಟರು.

"ಏನೂ ಆಗಂಗಿಲ್ಲಂತ ಬರದಾರ. ಆದ್ರ ಎರಡು ವರ್ಷ ಆತು, ನಾ ಒತ್ತಿ ಬಿಟ್ಟ ಲಾರಿ ಒಂದಾದ್ರೂ ಹಾದ್ಯಾಗ ಕೆಟ್ಟು ನಿಂತೈತೇನು ಕೇಳ್ರಿ."

ಸಾಹುಕಾರರು ಅದು ಖರೇ ಎಂದರು, ಎಲ್ಲರೂ ಖರೇ ಎಂದರು. ಮದುವೆಗೆ ಹೋಗಿ ಬಾ, ಫೋನ್ ಬರುವುದಿಲ್ಲ ಎಂದು ಮಾತು ಕೊಟ್ಟು ನನ್ನನ್ನು ಎಬ್ಬಿಸಿದರು. ಇಪ್ಪತ್ತೇಳನೇ ಪುಟವನ್ನು ಯಾರೂ ಓದುವುದು ಬೇಡ ಎಂದು ಅವರೇ ಪುಸ್ತಕ ಮುಚ್ಚಿ ಕಪಾಟಿನಲ್ಲಿಟ್ಟು ಬೀಗ ಹಾಕಿದರು.

೫. ಅಕ್ಕಿಕಾಳಿನ ಹೊತ್ತು

ಮಸ್ಕಿಯಲ್ಲಿ ಮದುವೆ. ಫೋನನ್ನು ಬೆಳಿಗ್ಗೆಯೇ ಅತ್ತೆ ಇಸಿದುಕೊಂಡು ತಮ್ಮ ಚೀಲದಲ್ಲಿ ಹಾಕಿಕೊಂಡಿದ್ದರು. ಎಲ್ಲರ ಕೈಗೂ ಅಕ್ಕಿಕಾಳು ಬಂದಾಗಿತ್ತು, ಎಲ್ಲರೂ ಎದ್ದು ನಿಂತಿದ್ದರು. ಆಗ ಆ ಚೀಲ ಹಾಡತೊಡಗಿತು.

ಅತ್ತೆ ನನ್ನನ್ನು ನೋಡಿದ ನೋಟಕ್ಕೆ ನನ್ನ ಬಾಸಿಂಗ ಸಡಿಲವಾಯಿತು. ಫೋನ್ ತೆಗೆದು ಕಿವಿಗಿಟ್ಟರು. ಮಂತ್ರ ಹೇಳುವವರ ಮೈಕು ಅಲ್ಲೇ ಇದ್ದದ್ದರಿಂದ ಇಡೀ ಮಂಟಪಕ್ಕೆ ಕೇಳುತ್ತಿತ್ತು. ಗಿರಣಿಯ ಅಳಿಯಂದಿರು. ಬೆಳಿಗ್ಗೆಯಿಂದ ಬಟನ್ ಒತ್ತಿ ಒತ್ತಿ ಬೆರಳು ನೋಯುತ್ತಿದೆ, ಹಸಿರು ದೀಪ ಬರುತ್ತಿಲ್ಲ, ಹನ್ನೊಂದು ಲಾರಿ ನಿಂತಿವೆ, ಬಿಡಬೇಕೋ ಬೇಡವೋ.

ಮುಂದಿನ ಸಾಲಿನಲ್ಲಿದ್ದ ಭಾಯಿ ತಲೆ ತಗ್ಗಿಸಿದ. ನನ್ನ ಕೈಪಿಡಿಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿದ ಮನುಷ್ಯ ಈ ಪ್ರಪಂಚದಲ್ಲಿ ಅವನೊಬ್ಬನೇ. "ಒತ್ತಿದ್ರ ಏನೂ ಆಗಂಗಿಲ್ಲಂತ ಕಿತಾಬಿನ್ಯಾಗ ಬರದಿ ಅಲ್ಲ. ಫಾಲತು ಐತಂತ ನಿನ್ನೆ ಆ ದೀಪ ತಗದೆ" ಎಂದು ಪಿಸುಗುಟ್ಟಿದ.

ಅತ್ತೆ ಏನು ಮಾಡಲಿ ಎಂದು ಕಣ್ಣಲ್ಲೇ ಕೇಳಿದರು. ಅಲ್ಲಿಂದಲೇ ಕೈಯಾಡಿಸಿ, ಏನೂ ಇಲ್ಲ, ಬಿಡಲು ಹೇಳಿ ಎಂದೆ. ಅವರು ಬೆನ್ನು ನೆಟ್ಟಗೆ ಮಾಡಿಕೊಂಡರು.

"ಬಿಡ್ರಿ. ಹತ್ತು ದಿನ ಈ ಹುಡುಗಿಗೆ ಫೋನ್ ಮಾಡಬ್ಯಾಡ್ರಿ, ಏನಿದ್ರೂ ನನಗ ಕೇಳ್ರಿ." ಆಮೇಲೆ ತಮ್ಮ ನಂಬರನ್ನು ಒಂದೊಂದಾಗಿ, ಮಕ್ಕಳಿಗೆ ಹೇಳಿದಂತೆ ಎರಡೆರಡು ಸಲ ಹೇಳಿದರು. ಮಂಟಪದಲ್ಲಿ ಕೆಲವರು ಬರೆದುಕೊಂಡರು. ಅಕ್ಕಿಕಾಳು ನಮ್ಮ ಮೇಲೆಯೇ ಬಿತ್ತು.

ಹತ್ತು ದಿನವೂ ಅಳಿಯಂದಿರು ಅತ್ತೆಗೆ ಫೋನ್ ಮಾಡಿದರು. ಅತ್ತೆ ಲಾರಿಯ ನಂಬರು ಕೇಳಿ, ಯಾವ ಊರಿನ ಭತ್ತವೆಂದು ಕೇಳಿ, ಡ್ರೈವರಿನ ಊಟವಾಯಿತೇ ಎಂದು ಕೇಳಿ, ಬಿಡ್ರಿ ಎನ್ನುತ್ತಿದ್ದರು. ಹನ್ನೊಂದನೇ ದಿನ ನಾನು ಸಿಂಧನೂರಿಗೆ ಹೋಗಿ ದೀಪವನ್ನು ಮತ್ತೆ ಹಾಕಿಕೊಟ್ಟೆ. ಅಳಿಯಂದಿರು ನಯವಾಗಿಯೇ ಬೇಡವೆಂದರು. ತುರ್ವಿಹಾಳದ ಡ್ರೈವರುಗಳು ಮಸ್ಕಿ ಅಮ್ಮ ಹೂಂ ಅನ್ನದೆ ಗಾಡಿ ತೆಗೆಯುವುದಿಲ್ಲ ಎನ್ನುತ್ತಿದ್ದಾರಂತೆ.

ಈಗ ಮನೆಯಲ್ಲಿ ಉಣ್ಣಲು ಕೂತಾಗ ಫೋನ್ ಬಂದರೆ ತಾಟು ಬಿಟ್ಟು ಏಳುವವರು ಅತ್ತೆ. ರೊಟ್ಟಿ ಆರುತ್ತದೆ, ಉಂಡು ಮಾತಾಡಿ ಎಂದು ಮೊನ್ನೆ ಸ್ವಲ್ಪ ಜೋರಾಗಿಯೇ ಹೇಳಿದೆ. ಅವರು ಫೋನಿನ ಮೇಲೆ ಕೈ ಮುಚ್ಚಿ ನನ್ನನ್ನು ಗದರಿದರು.

"ಸುಮ್ಕ ಕುಂದ್ರು. ಕಾಟಾದ ಮ್ಯಾಲ ಲಾರಿ ನಿಂತಾವ."